ಪ್ರೀಮಿಯಂ ಪ್ರತಿಜ್ಞೆ

“ಇವತ್ತಿನಿಂದ ನಮ್ಮ ಕಾರು ಪ್ರೀಮಿಯಂ ಪೆಟ್ರೋಲ್ ಬಿಟ್ಟು ಬೇರೆ ಒಂದು ತೊಟ್ಟೂ ಕುಡಿಯೋದಿಲ್ಲ!”

ಭಾನುವಾರ ಬೆಳಿಗ್ಗೆ ಹಾಲ್‌ನ ನಟ್ಟನಡುವೆ ನಿಂತು, ಹೆಗಲ ಮೇಲಿನ ಟವೆಲನ್ನು ಚಕ್ರವರ್ತಿಯ ಉತ್ತರೀಯದಂತೆ ಸರಿಪಡಿಸಿಕೊಂಡು ನಾನು ಹೀಗೆ ಘೋಷಿಸಿದೆ. ಆಕಾಶದಿಂದ ಹೂಮಳೆಯೇನೂ ಸುರಿಯಲಿಲ್ಲ. ಹೆಂಡತಿ ಮೇಜಿನ ಮುಂದೆ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಅವಳು ಪ್ರೌಢಶಾಲೆಯ ಗಣಿತದ ಟೀಚರು. ಕೆಂಪು ಪೆನ್ನನ್ನು ಕಾಗದದಿಂದ ಎತ್ತದೆಯೇ ಹೇಳಿದಳು:

“ಕುಡೀಲಿ ಬಿಡಿ. ನೀವು ಕಾಫಿ ಕುಡಿದ ಲೋಟ ಸೋಫಾ ಕೆಳಗೇ ಇದೆ. ಮೊದಲು ಅದನ್ನ ತೊಳೆದಿಡಿ.”

ತೊಳೆದಿಟ್ಟೆ. ಆದರೆ ಪ್ರತಿಜ್ಞೆಯಿಂದ ಕದಲಲಿಲ್ಲ!

ನನ್ನ ಹಟಕ್ಕೊಂದು ಕಾರಣವಿತ್ತು. ನಮ್ಮ ಮನೆಯಲ್ಲಿ ಪರದೆಯ ಬಣ್ಣ ಆರಿಸುವವಳು ಹೆಂಡತಿ. ಮಗಳ ಶಾಲೆ ಆರಿಸಿದವಳು ಹೆಂಡತಿ. ನಾನು ಯಾವ ಅಂಗಿಗೆ ಯಾವ ಪ್ಯಾಂಟು ಹಾಕಬೇಕೆಂಬುದೂ ಅವಳದೇ ತೀರ್ಪು. ನಾನು ಎಂದೋ ಒಮ್ಮೆ ಧೈರ್ಯ ಮಾಡಿ ಕೊಂಡು ತಂದ ಪಾತ್ರೆ ಉಜ್ಜುವ ನಾರನ್ನು ಕೂಡ “ಇದು ಗೀರುತ್ತೆ” ಎಂದು ವಾಪಸು ಕಳಿಸಲಾಗಿತ್ತು. ಹದಿನೈದು ವರ್ಷದ ಸಂಸಾರದಲ್ಲಿ ನನ್ನ ಪಾಲಿಗೆ ಉಳಿದ ಸ್ವತಂತ್ರ ಸಾಮ್ರಾಜ್ಯವೆಂದರೆ ಒಂದೇ: ಕಾರಿನ ಪೆಟ್ರೋಲ್ ಟ್ಯಾಂಕು. ಅಂಗೈಯಗಲದ ಮುಚ್ಚಳ, ಅದರ ಹಿಂದೆ ಕತ್ತಲು. ಆದರೇನು? ಅಲ್ಲಿ ನಾನೇ ಅರಸ!

ಕಾರು ನಮ್ಮದೆಂದು ಹೇಳಿಕೊಂಡರೂ ಅದು ಮೂಲತಃ ಮಾವನವರದು. ಮಾವನವರು ಯಂತ್ರದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಹದಿನಾರು ವರ್ಷದ ಆ ಪುಟ್ಟ ಕಾರನ್ನು ಮೂರು ವರ್ಷದ ಹಿಂದೆ ತಮ್ಮ ಮಗಳಿಗೆ ಕೊಟ್ಟರು. ಗಮನಿಸಿ, ಮಗಳಿಗೆ! ನನಗಲ್ಲ. ಅವರ ಕೈಯಲ್ಲಿ ಬೆಕ್ಕಿನಂತೆ ಗುರುಗುಡುತ್ತಿದ್ದ ಕಾರು ನನ್ನ ಕೈಗೆ ಬಂದ ಮೇಲೆ ಏರುರಸ್ತೆಯಲ್ಲಿ ಹಲ್ಲು ಕಡಿಯತೊಡಗಿತು. ಕಟಕಟ, ಕಟಕಟ!

ಈ ಕಟಕಟವನ್ನು ನಾನು ಆಫೀಸಿನಲ್ಲಿ ಪ್ರಸ್ತಾಪಿಸಿದೆ. ನಮ್ಮದು ವಿಮಾ ಕಂಪನಿ. ಅಪಘಾತದ ಪರಿಹಾರ ಕೇಳಿಕೊಂಡು ಬಂದವರ ಅರ್ಜಿಗಳ ಮೇಲೆ ‘ಮಾಲೀಕರ ನಿರ್ಲಕ್ಷ್ಯ’ ಎಂದು ಮುದ್ರೆ ಒತ್ತಿ ತಿರಸ್ಕರಿಸುವುದು ನನ್ನ ಕಸುಬು. ನನ್ನ ಪಕ್ಕದ ಮೇಜಿನ ಸಹೋದ್ಯೋಗಿಯನ್ನು ನಾವು ವಿಶ್ವಕೋಶ ಎಂದು ಕರೆಯುತ್ತೇವೆ. ಗೊತ್ತಿಲ್ಲ ಎಂಬ ಪದ ಅವನ ಬಾಯಲ್ಲಿ ಇದುವರೆಗೆ ಬಂದಿಲ್ಲ.

“ಕಟಕಟಾನಾ? ಅದಕ್ಕೆ ನಾಕಿಂಗ್ ಅಂತಾರೆ,” ಎಂದ ವಿಶ್ವಕೋಶ, ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಾ. “ಆಕ್ಟೇನ್ ಸಾಲ್ತಾ ಇಲ್ಲ ನಿಮ್ಮ ಇಂಜಿನ್ನಿಗೆ.”

“ಆಕ್ಟೇನ್ ಅಂದ್ರೆ?”

“ಅದು ವಿವರಿಸಿದ್ರೆ ನಿಮಗೆ ಅರ್ಥ ಆಗಲ್ಲ. ಪ್ರೀಮಿಯಂ ಹಾಕಿಸಿ. ಹಗಲೆಲ್ಲಾ ಊರವರ ಹತ್ರ ಪ್ರೀಮಿಯಂ ಕಟ್ಟಿಸ್ಕೊಳ್ತೀರಿ, ನಿಮ್ಮ ಕಾರಿಗೇ ಪ್ರೀಮಿಯಂ ಇಲ್ಲ ಅಂದ್ರೆ ನಾಚಿಕೆಗೇಡು!”

ಈ ಮಾತು ನನ್ನ ಎದೆಗೆ ನಾಟಿತು. ಬಿಸ್ಕತ್ತು ಮುರಿದು ಅವನ ಚಹಾದೊಳಗೆ ಮುಳುಗಿದ್ದನ್ನೂ ನಾನು ಗಮನಿಸಲಿಲ್ಲ.

ಪ್ರತಿಜ್ಞೆ ಮಾಡಿದ ಭಾನುವಾರವೇ ಎರಡು ಬೀದಿ ಆಚೆ ಇರುವ ಮಾವನವರಿಗೆ ವಿಷಯ ತಿಳಿಸಲು ಹೋದೆ. ಅವರು ಬಾಗಿಲಿನ ಕೀಲಿಗೆ ಎಣ್ಣೆ ಬಿಡುತ್ತಿದ್ದರು.

“ಸಾದಾನೇ ಸಾಕು ಅಳಿಯಂದ್ರೇ. ಆ ಇಂಜಿನ್ನು ಸಾದಾ ಪೆಟ್ರೋಲಿಗೆ ಅಂತಾನೇ ಮಾಡಿರೋದು. ಸಾದಾನೇ ಸದಾ!”

“ಆದ್ರೆ ಮಾವ, ಆಕ್ಟೇನು…”

“ಯಾವ ಅಕ್ಕ? ಏನು ತಂದ್ಳು?” ಎಂದರು ಒಳಗಿನಿಂದ ಅತ್ತೆಯವರು.

ಅತ್ತೆಯವರ ಕಿವಿಯಲ್ಲೇನೂ ದೋಷವಿಲ್ಲ, ಕಣ್ಣಿಗೆ ಮಾತ್ರ ಪೊರೆ ಬಂದಿತ್ತು. ಅವರು ನಲವತ್ತು ವರ್ಷ ಬಟ್ಟೆ ಹೊಲಿದವರು. ಇಡೀ ಬೀದಿಯ ಮಕ್ಕಳ ಸಮವಸ್ತ್ರ ಅವರ ಕೈಯಲ್ಲೇ ಹೊಲಿಸಿಕೊಂಡದ್ದು. ಈಗ ಎರಡು ವರ್ಷದಿಂದ ಸೂಜಿಗೆ ದಾರ ಪೋಣಿಸಲಾಗದೆ ಮಿಷನ್ನಿಗೆ ಹೊದಿಕೆ ಹಾಕಿಟ್ಟಿದ್ದರು. ಕಣ್ಣಾಸ್ಪತ್ರೆಯಲ್ಲಿ ಹೆಸರು ಬರೆಸಿ, ಮೂರು ತಿಂಗಳು ಕಾದು, ಅಂತೂ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. ಅದಕ್ಕೆ ಇನ್ನು ಹನ್ನೆರಡು ದಿನವಿತ್ತು.

ನಾನು ಸೋಮವಾರವೇ ಬಂಕ್‌ಗೆ ಹೋಗಿ ಐದು ಲೀಟರ್ ಪ್ರೀಮಿಯಂ ಹಾಕಿಸಿದೆ. ಬಂಕ್‌ನಿಂದ ಹೊರಗೆ ಬಂದೆನೋ ಇಲ್ಲವೋ, ಆಹಾ! ಕಾರು ಓಡುತ್ತಿದೆಯೋ ತೇಲುತ್ತಿದೆಯೋ ತಿಳಿಯದಾಯಿತು. ಏರಿನಲ್ಲಿ ಕಟಕಟ ಕೇಳಿಸಿತು ನಿಜ. ಆದರೆ ಅದು ಸಾದಾ ಕಟಕಟವಲ್ಲ, ಒಂದು ಗಾಂಭೀರ್ಯವುಳ್ಳ ಕಟಕಟ!

ಶನಿವಾರ ಸಂಜೆ ಹೆಂಡತಿ, ಅತ್ತೆ, ಮಾವ ಮೂವರನ್ನೂ ಕೂರಿಸಿಕೊಂಡು ಕೆರೆಯ ಕಡೆ ಸವಾರಿ ಹೊರಟೆ.

“ನೋಡಿದ್ರಾ ಮಾವ? ಪ್ರೀಮಿಯಂ ಅಂದ್ರೆ ಇದು! ನನ್ನ ಬಲಗಾಲಿನ ಹೆಬ್ಬೆರಳಿಗೆ ಗೊತ್ತಾಗುತ್ತೆ. ಕಣ್ಣು ಕಟ್ಟಿ ಕೂರಿಸಿದ್ರೂ ಟ್ಯಾಂಕಿನಲ್ಲಿ ಯಾವ ಪೆಟ್ರೋಲಿದೆ ಅಂತ ನಾನು ಹೇಳ್ತೀನಿ!”

“ಈಗ ಯಾವುದಿದೆ?” ಎಂದಳು ಹೆಂಡತಿ.

“ಅಪ್ಪಟ ಪ್ರೀಮಿಯಂ!”

“ಬುಧವಾರ ನಾನು ಸ್ಕೂಲಿಗೆ ಕಾರು ತಗೊಂಡು ಹೋಗಿದ್ದೆ. ನಿಮ್ಮ ಐದು ಲೀಟರ್ ಮುಗಿದು ದೀಪ ಹತ್ತಿಕೊಳ್ತು. ಸಾದಾ ಹಾಕಿಸ್ದೆ. ಬರೀ ಸಾದಾ.”

ಹಿಂದಿನ ಸೀಟಿನಲ್ಲಿ ಮಾವನವರು ಕೆಮ್ಮಿದರು. ನಗುವನ್ನು ಕೆಮ್ಮಾಗಿ ಪರಿವರ್ತಿಸುವ ಯಂತ್ರವೊಂದು ಅವರ ಗಂಟಲಿನಲ್ಲಿದೆ.

ಈಗಲಾದರೂ ನಾನು ಸುಮ್ಮನಾಗಬೇಕಿತ್ತು. ಮನುಷ್ಯನೆಂದ ಮೇಲೆ ಎಲ್ಲಾದರೂ ಒಂದು ಕಡೆ ಸುಮ್ಮನಾಗಬೇಕು. ಆದರೆ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು! ಸೋಮವಾರ ಮತ್ತೆ ವಿಶ್ವಕೋಶವನ್ನು ತೆರೆದೆ.

“ಬೆರಕೆ!” ಎಂದು ಅವನು ಮೇಜು ಗುದ್ದಿದ. “ಸಾದಾ ಜೊತೆ ಬೆರೆತ್ರೆ ಪ್ರೀಮಿಯಂ ಗುಣ ಹೇಗೆ ತೋರಿಸುತ್ತೆ? ಟ್ಯಾಂಕನ್ನ ಒಣಗಿಸಿ. ಕೊನೇ ಹನಿ ತನಕ ಸುಟ್ಟುಬಿಡಿ. ಆಮೇಲೆ ಪ್ರೀಮಿಯಂ ತುಂಬಿಸಿ, ಆಮೇಲೆ ಮಾತಾಡಿ.”

ಅಂದಿನಿಂದ ನಾನು ಟ್ಯಾಂಕನ್ನು ಉಪವಾಸ ಕೆಡವಿದೆ. ಮುಳ್ಳು ದಿನದಿನಕ್ಕೆ ಇಳಿಯುತ್ತಾ ಬಂತು. ಗುರುವಾರ ಸಂಜೆ, ಅಂದರೆ ಶಸ್ತ್ರಚಿಕಿತ್ಸೆಯ ಹಿಂದಿನ ದಿನ, ಕೆಂಪು ದೀಪ ಹತ್ತಿತು.

“ರೀ, ನಾಳೆ ಎಂಟೂ ಮುಕ್ಕಾಲಿಗೆ ಆಸ್ಪತ್ರೇಲಿರಬೇಕು. ಪೆಟ್ರೋಲ್ ಇದೆ ತಾನೇ?” ಎಂದು ಹೆಂಡತಿ ಕೇಳಿದಳು.

“ಅದು ನನ್ನ ಇಲಾಖೆ. ನೀನು ತಲೆ ಹಾಕಬೇಡ!”

ಉಳಿದಿರುವ ಸಾದಾ ಬೆಳಿಗ್ಗೆ ಮುಖ್ಯರಸ್ತೆಯ ಬಂಕ್ ತಲುಪುವ ಹೊತ್ತಿಗೆ ಕರಾರುವಾಕ್ಕಾಗಿ ಮುಗಿಯುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಗಣಿತದ ಟೀಚರ್ ಮನೆಯಲ್ಲೇ ಇದ್ದಳು. ಲೆಕ್ಕವನ್ನು ಅವಳಿಗೆ ತೋರಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಏಳೂಮುಕ್ಕಾಲಿಗೆ ಹೊರಟೆವು. ಅತ್ತೆಯವರು ಹಿಂದಿನ ಸೀಟಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಶಾಂತವಾಗಿ ಕೂತಿದ್ದರು. ಅವರ ಪಕ್ಕ ಹೆಂಡತಿ. ಮುಂದೆ ನನ್ನ ಪಕ್ಕ ಮಾವನವರು. ಅವರ ಕಣ್ಣು ರಸ್ತೆಯ ಮೇಲಿಲ್ಲ, ಮುಳ್ಳಿನ ಮೇಲಿತ್ತು.

“ಅಳಿಯಂದ್ರೇ, ಮುಳ್ಳು ಮಲಗಿಬಿಟ್ಟಿದೆ.”

“ಎಬ್ಬಿಸ್ತೀನಿ ಮಾವ. ಈಗಲೇ ಎಬ್ಬಿಸ್ತೀನಿ!”

ಮುಖ್ಯರಸ್ತೆಯ ಬಂಕ್‌ಗೆ ನುಗ್ಗಿ, ಕಿಟಕಿಯಿಂದ ಕತ್ತು ಚಾಚಿ ಕೂಗಿದೆ. “ಪ್ರೀಮಿಯಂ! ಫುಲ್ ಟ್ಯಾಂಕ್!”

“ಪ್ರೀಮಿಯಂ ಸ್ಟಾಕ್ ಇಲ್ಲ ಸಾರ್. ಸಾದಾ ಹಾಕ್ಲಾ?” ಎಂದ ಪಂಪಿನವನು.

“ಹಾಕಿ,” ಎಂದಳು ಹೆಂಡತಿ.

“ಬೇಡ!” ಎಂದೆ ನಾನು.

“ಎರಡೇ ಲೀಟರ್ ಹಾಕಿಸ್ರೀ!”

“ನಾಲ್ಕು ದಿನದಿಂದ ಒಣಗಿಸಿರೋ ಟ್ಯಾಂಕು ಕಣೇ! ಎರಡು ಹನಿ ಬಿದ್ರೂ ಬೆರಕೆ ಆಗುತ್ತೆ!”

“ಒಣಗಿಸಿದೀರಾ?! ಬೇಕಂತಲೇ? ಇವತ್ತಿನ ದಿನ?”

ಹಿಂದಿನಿಂದ ನಾಲ್ಕು ಗಾಡಿಗಳು ಹಾರ್ನ್ ಬಾರಿಸಿದವು. ಪಂಪಿನವನು ಸಾದಾ ಪೈಪನ್ನು ಕೈಯಲ್ಲಿ ಹಿಡಿದು, ನಮ್ಮ ಸಂಸಾರ ಒಂದು ತೀರ್ಮಾನಕ್ಕೆ ಬರಲೆಂದು ಕಾಯುತ್ತಿದ್ದ. ನಾನು ಗೇರ್ ಹಾಕಿ ಹೊರಟೇಬಿಟ್ಟೆ. ಕಾಲೇಜಿನಲ್ಲಿ ಕ್ಲಾಸಿಗೆ ಬಂಕ್ ಹೊಡೆದಿದ್ದೆ. ಬಂಕ್‌ಗೇ ಬಂಕ್ ಹೊಡೆದದ್ದು ಇದೇ ಮೊದಲು!

“ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು,” ಎಂದು ಮಾವನವರು ಕಿಟಕಿಯ ಗಾಜಿಗೆ ಹೇಳಿದರು.

ಎರಡನೆಯ ಬಂಕ್‌ನಲ್ಲಿ ಪ್ರೀಮಿಯಂ ಪಂಪಿನ ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದರು. ಸಾದಾ ಪಂಪಿನ ಮುಂದೆ ಒಬ್ಬರೂ ಇರಲಿಲ್ಲ. ನಮ್ಮನ್ನೇ ನೋಡಿ ಕೈಬೀಸಿ ಕರೆಯುತ್ತಿತ್ತು ಅದು! ಹೆಂಡತಿ ಹಿಂದಿನಿಂದ ಕೈ ಚಾಚಿ ಗಡಿಯಾರವನ್ನು ನನ್ನ ಮುಖದ ಮುಂದೆ ಹಿಡಿದಳು. ಆದರೂ ನನ್ನ ಕೈಗಳು ಸ್ಟೀರಿಂಗನ್ನು ರಸ್ತೆಗೇ ತಿರುಗಿಸಿದವು. ಮುಂದಿನ ಬಂಕ್ ಮೇಲ್ಸೇತುವೆಯ ಆಚೆಗಿದೆ, ಒಂದೂವರೆ ಕಿಲೋಮೀಟರ್, ಅಷ್ಟೇ ತಾನೇ?

ಮೇಲ್ಸೇತುವೆಯ ಏರಿನಲ್ಲಿ ಕಾರು ಮೊದಲು ಕಟಕಟ ಎಂದಿತು. ಆಮೇಲೆ ಒಂದು ಸಲ ಬಿಕ್ಕಿತು. ಆಮೇಲೆ, ದೊಡ್ಡವರೊಬ್ಬರು ಕಣ್ಣು ಮುಚ್ಚಿದಂತೆ, ಸದ್ದೇ ಇಲ್ಲದೆ ನಿಂತಿತು.

“ಬಂತಾ ಆಸ್ಪತ್ರೆ?” ಎಂದರು ಅತ್ತೆಯವರು.

ಎಡಗಡೆ ಸಿಮೆಂಟಿನ ತಡೆಗೋಡೆ, ಬಲಗಡೆ ರೊಯ್ಯನೆ ಹೋಗುವ ಲಾರಿಗಳು, ಕೆಳಗೆ ಯಾರದೋ ಮನೆಯ ತಾರಸಿಯಲ್ಲಿ ಒಣಗುವ ಬಟ್ಟೆಗಳು. ಗಂಟೆ ಎಂಟು ಐದು. ನಾನೇ ನನ್ನ ಹಣೆಗೆ ‘ಮಾಲೀಕರ ನಿರ್ಲಕ್ಷ್ಯ’ ಮುದ್ರೆ ಒತ್ತಿಕೊಳ್ಳುವುದೊಂದು ಬಾಕಿ!

ಹೆಂಡತಿ ಇಳಿದು ರಸ್ತೆಗೆ ಕೈ ಚಾಚಿದಳು. ಹನ್ನೆರಡು ಗಾಡಿ ಹೋದವು, ಒಂದೂ ನಿಲ್ಲಲಿಲ್ಲ. ಹದಿಮೂರನೆಯದು ತೆವಳುತ್ತಾ, ಜಗ್ಗುತ್ತಾ ಬಂದು ತಾನಾಗಿಯೇ ನಮ್ಮ ಹಿಂದೆ ನಿಂತುಹೋಯಿತು. ತಲೆಯ ಮೇಲೆ ದೊಡ್ಡ ಫಲಕ: ಡ್ರೈವಿಂಗ್ ಸ್ಕೂಲ್. ಸ್ಟೀರಿಂಗ್ ಹಿಡಿದು ಕೂತಿದ್ದವರು ಐವತ್ತು ದಾಟಿದ ಒಬ್ಬ ದಪ್ಪ ಹೆಂಗಸು. ಅವರ ಹಣೆಯಿಂದ ಬೆವರು ಧಾರಾಕಾರ. ಪಕ್ಕದಲ್ಲಿ ಕಲಿಸುವ ಮೇಷ್ಟ್ರು. ಹೆಂಡತಿ ಓಡಿಹೋಗಿ ವಿಷಯ ಹೇಳಿದಳು.

“ಕಣ್ಣಾಸ್ಪತ್ರೆಗಾ? ಹತ್ತಿ ಹತ್ತಿ,” ಎಂದರು ಮೇಷ್ಟ್ರು. “ಇವತ್ತಿನ ಪಾಠ ಅಲ್ಲಿ ತನಕ.”

“ಅಯ್ಯೋ, ನನಗಿದು ಎರಡನೇ ದಿನ!” ಎಂದರು ಆ ಹೆಂಗಸು.

“ಹೆದರ್ಬೇಡಿ, ಬ್ರೇಕು ನನ್ನ ಕಾಲಲ್ಲೂ ಒಂದಿದೆ.”

“ಮಾವ, ನೀವೂ ಹೋಗಿ,” ಎಂದೆ ನಾನು.

“ನಾನು ಬರಲ್ಲ. ಈ ಕಾರನ್ನ ಇವರೊಬ್ಬರ ಕೈಲಿ ಬಿಟ್ಟು ನಾನು ಎಲ್ಲಿಗೂ ಬರಲ್ಲ,” ಎಂದರು ಮಾವನವರು, ಮಗಳ ಕಡೆ ತಿರುಗಿ. ಚುಚ್ಚಿತು. ಆದರೆ ಚುಚ್ಚಿಸಿಕೊಳ್ಳಬೇಕಾದವನು ನಾನೇ ತಾನೇ?

ಅತ್ತೆ, ಹೆಂಡತಿ ಇಬ್ಬರೂ ಹತ್ತಿದರು. ಆ ಕಾರು ಎರಡು ಸಲ ಕಪ್ಪೆಯಂತೆ ನೆಗೆದು, ಗಂಟೆಗೆ ಹದಿನೈದು ಕಿಲೋಮೀಟರ್ ವೇಗದಲ್ಲಿ ನನ್ನ ಸಂಸಾರವನ್ನು ಹೊತ್ತುಕೊಂಡು ಸೇತುವೆಯ ತುದಿಯಲ್ಲಿ ಮರೆಯಾಯಿತು. ನಾನು ಸೇತುವೆಯ ಆಚೆಗಿನ ಬಂಕ್ ಕಡೆ ಓಡಿದೆ. ಓಡಿದೆ ಎಂದರೆ ಮೊದಲ ಇನ್ನೂರು ಮೀಟರ್ ಓಡಿದೆ. ಉಳಿದದ್ದನ್ನು ಪಕ್ಕೆ ಹಿಡಿದುಕೊಂಡು ನಡೆದೆ.

ಬಂಕ್‌ನಲ್ಲಿ ಟೋಪಿ ತೊಟ್ಟ ಹುಡುಗಿಯೊಬ್ಬಳು ಪಂಪಿನ ಹತ್ತಿರ ನಿಂತಿದ್ದಳು.

“ಪೆಟ್ರೋಲ್! ಬಾಟಲಿಗೆ… ಬೇಗ…”

“ಬಾಟಲಿಗೆ ಕೊಡಂಗಿಲ್ಲ ಸಾರ್. ಕ್ಯಾನ್ ತನ್ನಿ.”

ಪಕ್ಕದ ಪಂಕ್ಚರ್ ಅಂಗಡಿಯ ಮುದುಕನ ಕಾಲು ಹಿಡಿಯುವುದೊಂದು ಬಾಕಿ. ಅವನು ಮೂಲೆಯಿಂದ ತಗಡಿನ ಹಳೆಯ ಕ್ಯಾನೊಂದನ್ನು ಎಳೆದು ಕೊಟ್ಟ. ಅದಕ್ಕೆ ಮುಚ್ಚಳವಿರಲಿಲ್ಲ.

“ಮುಚ್ಚಳ?”

“ಮುಚ್ಚಳ ಇದ್ದಿದ್ರೆ ನಾನು ಕೊಡ್ತಿದ್ನಾ?” ಎಂದ ಮುದುಕ. ನ್ಯಾಯವಾದ ಮಾತು.

ಕ್ಯಾನ್ ಹಿಡಿದು ಬಂದೆ. ಅಷ್ಟು ಹೊತ್ತಿಗೆ ನನ್ನೊಳಗಿನ ಅರಸ ಸಿಂಹಾಸನ ಬಿಟ್ಟಿಳಿದು ಬೀದಿಯಲ್ಲಿ ನಿಂತಿದ್ದ. “ಸಾದಾ ಕೊಡಮ್ಮ. ಸಾದಾ ಸಾಕು. ಜನ್ಮಕ್ಕೆಲ್ಲಾ ಸಾದಾನೇ ಸಾಕು!”

“ಸಾದಾ ಮುಗಿದಿದೆ ಸಾರ್. ಟ್ಯಾಂಕರ್ ಇನ್ನೂ ಬಂದಿಲ್ಲ. ಪ್ರೀಮಿಯಂ ಇದೆ, ಕೊಡ್ಲಾ?”

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ! ನಾನು ನಕ್ಕೆನೋ ಅತ್ತೆನೋ ನನಗೇ ನೆನಪಿಲ್ಲ. ಆ ಹುಡುಗಿ ಮಾತ್ರ ಎರಡು ಹೆಜ್ಜೆ ಹಿಂದಕ್ಕೆ ಸರಿದು, ತೋಳುದ್ದ ಚಾಚಿ ಕ್ಯಾನ್ ತುಂಬಿಸಿದಳು. ಅಷ್ಟರಲ್ಲಿ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ!

“ರೀ, ನಾವು ಆಸ್ಪತ್ರೆ ಸೇರಿದ್ವಿ. ಅಮ್ಮನ ಫೈಲ್ ಎಲ್ಲಿ?”

“ಯಾವ ಫೈಲು?”

“ರಕ್ತ ಪರೀಕ್ಷೆ, ಕಣ್ಣಿನ ಅಳತೆ, ಎಲ್ಲಾ ಅದ್ರಲ್ಲೇ ಇರೋದು! ಕಾರಿನ ಹಿಂದಿನ ಗಾಜಿನ ಹತ್ರ ಇಟ್ಟಿದ್ದೆ. ಗಡಿಬಿಡೀಲಿ ತೆಗೆದುಕೊಳ್ಳೋದು ಮರೆತೆ. ಹತ್ತು ಗಂಟೆ ಒಳಗೆ ಫೈಲ್ ಕೊಡದಿದ್ರೆ ಇವತ್ತಿನ ಪಟ್ಟಿಯಿಂದ ಹೆಸರು ತೆಗೀತಾರಂತೆ. ಆಮೇಲೆ ಮತ್ತೆ ಮೂರು ತಿಂಗಳು.”

“ತರ್ತೀನಿ! ಈಗಲೇ ತರ್ತೀನಿ!”

“ರೀ,” ಎಂದಳು. ದನಿ ಸಣ್ಣದಾಗಿತ್ತು. “ಅಮ್ಮ ಚೀಲ ತೊಡೆ ಮೇಲಿಟ್ಕೊಂಡು ಬಾಗಿಲ ಕಡೆ ಮುಖ ಮಾಡಿ ಕೂತಿದಾರೆ. ಬೇಗ ಬನ್ನಿ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಮುಚ್ಚಳವಿಲ್ಲದ ಕ್ಯಾನನ್ನು ಎದೆಗವಚಿಕೊಂಡು ಮೇಲ್ಸೇತುವೆ ಹತ್ತತೊಡಗಿದೆ. ಒಂದೊಂದು ಹೆಜ್ಜೆಗೂ ಒಂದೊಂದು ಗುಟುಕು ಪ್ರೀಮಿಯಂ ಹಾರಿ ಅಂಗಿಗೆ, ಪ್ಯಾಂಟಿಗೆ, ಶೂ ಒಳಗಿನ ಕಾಲುಚೀಲಕ್ಕೆ ಬೀಳುತ್ತಿತ್ತು. ಎರಡು ವರ್ಷ ಕತ್ತಲಲ್ಲಿ ಕೂತು, ಮೂರು ತಿಂಗಳು ಕ್ಯಾಲೆಂಡರಿನ ಎಲೆ ಎಣಿಸಿದವರನ್ನು ನಾನು ಒಂದು ಪೈಪಿನ ಬಣ್ಣಕ್ಕಾಗಿ ನಡುರಸ್ತೆಯಲ್ಲಿ ಇಳಿಸಿಬಿಟ್ಟಿದ್ದೆ. ನಾಳೆ ಬೀದಿಯವರು ಕೇಳಿದರೆ ಏನೆಂದು ಹೇಳಲಿ? ಆಕ್ಟೇನ್ ಎನ್ನಲೇ?

ಮಾವನವರು ಕಾರಿನ ಡಿಕ್ಕಿ ತೆರೆದು, ಒಳಗೆ ತಲೆ ತೂರಿಸಿ ಏನೋ ಮಾಡುತ್ತಿದ್ದರು. ನನ್ನನ್ನು ಕಂಡು ಹೊರಗೆ ಬಂದರು. ಕೈಯಲ್ಲಿ ಜ್ಯಾಕ್ ಇತ್ತು.

“ಇದರ ಪಟ್ಟಿ ಬಿಚ್ಚಿಹೋಗಿದೆ. ಏರು ಬಂದಾಗೆಲ್ಲಾ ಉರುಳಿ ತಗಡಿಗೆ ಬಡೀತಿತ್ತು. ಕಟಕಟ ಅಂತ,” ಎಂದು ಅಲುಗಾಡಿಸಿ ತೋರಿಸಿದರು. “ತಗೊಳ್ಳಿ, ನಿಮ್ಮ ಆಕ್ಟೇನು.”

ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ಮೇಲ್ಸೇತುವೆಯ ಮೇಲೆ ಆ ಸೌಲಭ್ಯವೂ ಇರುವುದಿಲ್ಲ!

ಕ್ಯಾನಿನಿಂದ ಟ್ಯಾಂಕಿಗೆ ಸುರಿಯಲು ಹೋದೆ. ಅರ್ಧ ಟ್ಯಾಂಕಿಗೆ, ಅರ್ಧ ನನ್ನ ತೊಡೆಗೆ. ಮಾವನವರು ಕ್ಯಾನ್ ಕಿತ್ತುಕೊಂಡು, ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಕೊಳವೆಯಂತೆ ಸುತ್ತಿ, ತಾವೇ ಸುರಿಯತೊಡಗಿದರು. ಆಗ ನೋಡಿದೆ. ಅವರ ಕೈಯಿಂದಲೂ ಪೆಟ್ರೋಲ್ ಹೊರಗೆ ಚೆಲ್ಲುತ್ತಿತ್ತು. ಕೂದಲೆಳೆಯಷ್ಟು ಅಂತರವನ್ನು ಬೆರಳಲ್ಲೇ ಅಳೆಯುತ್ತಿದ್ದ ಕೈ ಅದು.

“ಮಾವ, ನನ್ನಿಂದ ದೊಡ್ಡ ತಪ್ಪಾಯ್ತು. ನೀವು ಅತ್ತೆ ಜೊತೆ ಹೋಗಬೇಕಿತ್ತು. ಕಾರನ್ನ ನಾನು ನೋಡ್ಕೊಳ್ತಿದ್ದೆ.”

ಅವರು ಕ್ಯಾನನ್ನು ಇನ್ನಷ್ಟು ಬಗ್ಗಿಸಿದರು.

“ಕಾರು ಬರೀ ನೆಪ ಅಳಿಯಂದ್ರೇ. ನನಗೆ ಬೆಳಿಗ್ಗೆಯಿಂದ ಭಯ. ಕಣ್ಣಿಗೆ ಕತ್ತರಿ ಹಾಕ್ತಾರಲ್ಲ… ನಾನು ಜೊತೇಲಿದ್ರೆ ಅವಳು ನನ್ನ ಮುಖ ನೋಡಿ ಹೆದರ್ತಾಳೆ.”

“ಅತ್ತೆಗೆ ಮುಖ ಕಾಣಲ್ವಲ್ಲ ಮಾವ.”

“ಬೇರೆಯವರದು ಕಾಣಲ್ಲ. ನನ್ನದು ಕಾಣುತ್ತೆ. ನಲವತ್ತೆರಡು ವರ್ಷ ಆಯ್ತು, ಕಣ್ಣಿಲ್ಲದೇನೇ ಕಾಣುತ್ತೆ ಅವಳಿಗೆ.” ಖಾಲಿ ಕ್ಯಾನನ್ನು ಕೆಳಗಿಟ್ಟರು. “ಹೂಂ, ಕೀಲಿ ತಿರುಗಿಸಿ. ಸ್ಟಾರ್ಟ್ ಮಾಡ್ಬೇಡಿ, ಮೂರು ಸಲ ಆನ್ ಆಫ್ ಮಾಡಿ. ಪೈಪಿಗೆ ಪೆಟ್ರೋಲ್ ಏರಲಿ. ಆಮೇಲೆ ಸ್ಟಾರ್ಟ್ ಮಾಡಿ.”

ನಾಲ್ಕನೆಯ ಸಲಕ್ಕೆ ಕಾರು ಎದ್ದಿತು. ಏರಿನಲ್ಲಿ ಒಂದೇ ಒಂದು ಕಟ ಕೂಡ ಇಲ್ಲ! ಆ ನಿಶ್ಶಬ್ದ ನನ್ನನ್ನು ಕೊಂದಿತು. ಟ್ಯಾಂಕಿನಲ್ಲಿ ಅಪ್ಪಟ ಪ್ರೀಮಿಯಂ ಇತ್ತು, ಒಂದು ಹನಿ ಬೆರಕೆ ಇರಲಿಲ್ಲ. ನಾನು ಕನಸು ಕಂಡಿದ್ದ ಸವಾರಿ ಇದೇ. ಆದರೆ ನನ್ನ ಹೆಬ್ಬೆರಳಿಗೆ ಒದ್ದೆ ಕಾಲುಚೀಲದ ಹೊರತು ಏನೂ ಗೊತ್ತಾಗಲಿಲ್ಲ.

ಆಸ್ಪತ್ರೆಯ ಬಾಗಿಲಿಗೆ ಬಂದಾಗ ಹತ್ತಕ್ಕೆ ಹನ್ನೆರಡು ನಿಮಿಷ ಬಾಕಿ. ಫೈಲನ್ನು ಎತ್ತಿ ಹಿಡಿದು, ಯುದ್ಧ ಗೆದ್ದು ಬಂದ ಓಲೆಕಾರನಂತೆ ಮೆಟ್ಟಿಲು ಹಾರಿದೆ. ಕಾವಲುಗಾರ ಅಡ್ಡ ಬಂದ. ಮೂಗು ಅರಳಿಸಿದ. ಒಂದು ಹೆಜ್ಜೆ ಹಿಂದೆ ಸರಿದ.

“ಸಾರ್, ಏನಿದು ವಾಸನೆ? ಪೆಟ್ರೋಲಾ?”

“ಹೌದು, ಪ್ರೀಮಿಯಂ!” ಎಂದೆ. ಹಾಳು ನಾಲಿಗೆ!

“ಯಾವುದಾದ್ರೂ ಆಗ್ಲಿ, ನೀವು ಒಳಗೆ ಹೋಗಂಗಿಲ್ಲ. ಒಳಗೆ ಆಕ್ಸಿಜನ್ ಸಿಲಿಂಡರ್ ಇದಾವೆ. ನೀವು ಹೋಗಿ ನಿಂತ್ರೆ ಇದು ಕಣ್ಣಾಸ್ಪತ್ರೆಯಿಂದ ಸುಟ್ಟಗಾಯದ ಆಸ್ಪತ್ರೆ ಆಗುತ್ತೆ.”

ಅಷ್ಟರಲ್ಲಿ ಮಾವನವರು ನನ್ನ ಕೈಯಿಂದ ಫೈಲ್ ತೆಗೆದುಕೊಂಡು ಒಳಗೆ ನಡೆದಿದ್ದರು. ನಡೆದರೆಂದರೆ ತಪ್ಪಾದೀತು. ಎಪ್ಪತ್ತರ ಆ ಮನುಷ್ಯ ಎರಡೆರಡು ಮೆಟ್ಟಿಲನ್ನು ಒಟ್ಟಿಗೆ ಹತ್ತಿದರು.

ನನಗೆ ಹೊರಗಡೆ ಮರದ ಕೆಳಗಿನ ಕಲ್ಲುಬೆಂಚು ಗತಿಯಾಯಿತು. ಬೆಂಚಿನ ಇನ್ನೊಂದು ತುದಿಯಲ್ಲಿ ಸಿಗರೇಟು ಹಚ್ಚಲು ಹೊರಟಿದ್ದವನೊಬ್ಬ ನನ್ನನ್ನು ಮೂಸಿ, ಸಿಗರೇಟನ್ನು ಪೆಟ್ಟಿಗೆಗೆ ವಾಪಸು ಹಾಕಿ, ರಸ್ತೆ ದಾಟಿ ಆಚೆ ಹೋಗಿ ನಿಂತ. ನನ್ನ ಸುತ್ತ ಮನುಷ್ಯ ಸಂಚಾರವಿಲ್ಲದ ಒಂದು ವರ್ತುಲ ತಾನಾಗಿಯೇ ಏರ್ಪಟ್ಟಿತು. ಅಷ್ಟು ದೊಡ್ಡ ಜಾಗದಲ್ಲಿ ಅಷ್ಟು ಒಂಟಿಯಾಗಿ ನಾನು ಎಂದೂ ಕೂತಿರಲಿಲ್ಲ. ಹತ್ತೂವರೆ ಆಯಿತು, ಹನ್ನೊಂದಾಯಿತು. ಫೋನು ಮಾಡಲು ಧೈರ್ಯವಿಲ್ಲ. ಹೆಸರು ತೆಗೆದುಬಿಟ್ಟರೆ? ಅತ್ತೆಯವರು ಏನೂ ಅನ್ನುವುದಿಲ್ಲ, ಮಿಷನ್ನಿನ ಹೊದಿಕೆಯ ಧೂಳು ಕೊಡವುತ್ತಾರೆ, ಅಷ್ಟೇ. ಅದನ್ನು ನೋಡಿಕೊಂಡು ನಾನು ಮೂರು ತಿಂಗಳು ಹೇಗೆ ಬದುಕಲಿ?

ಹನ್ನೆರಡರ ಹೊತ್ತಿಗೆ ಹೆಂಡತಿ ಹೊರಗೆ ಬಂದಳು. ನಾನು ಎದ್ದು ನಿಂತೆ. ಅವಳು ನಾಲ್ಕು ಮಾರು ದೂರದಲ್ಲೇ ನಿಂತಳು.

“ಆಯ್ತು,” ಎಂದಳು.

“ಆಯ್ತು ಅಂದ್ರೆ?”

“ಆಪರೇಷನ್ ಆಯ್ತು. ಪಟ್ಟೀಲಿ ಕೊನೇಲಿ ಹಾಕಿದ್ರು. ಚೆನ್ನಾಗಾಗಿದೆ ಅಂದ್ರು ಡಾಕ್ಟರು. ನಾಳೆ ಪಟ್ಟಿ ಬಿಚ್ತಾರೆ.”

ನನ್ನ ಕಣ್ಣಿಂದ ನೀರು ಬಂತು. “ಪೆಟ್ರೋಲ್ ವಾಸನೆಗೆ,” ಎಂದೆ.

“ಗೊತ್ತು,” ಎಂದಳು. “ಕಾರಿನ ಕೀಲಿ ಅಲ್ಲೇ ಬೆಂಚಿನ ಮೇಲಿಟ್ಟು ಹಿಂದೆ ಸರೀರಿ.”

ಇಟ್ಟೆ. ಸರಿದೆ. ರಾಜಮುದ್ರೆ ಕೈತಪ್ಪಿತು.

ವಾಪಸು ಬರುವಾಗ ಅವಳೇ ಕಾರು ಓಡಿಸಿದಳು. ಪಕ್ಕದಲ್ಲಿ ಒಂದು ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡ ಅತ್ತೆಯವರು. ಹಿಂದೆ ನಾನು ಮತ್ತು ಮಾವನವರು. ನಾಲ್ಕು ಕಿಟಕಿಗಳೂ ಪೂರ್ತಿ ತೆರೆದಿದ್ದವು. ಮಾವನವರು ತಲೆಯನ್ನು ಕಿಟಕಿಯಿಂದ ಆಚೆ ಹಾಕಿ ಗಾಳಿಸೇವನೆ ಮಾಡುತ್ತಿದ್ದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೆಂಪು ದೀಪ ಹತ್ತಿತು. ಹೆಂಡತಿ ಮೊದಲು ಸಿಕ್ಕ ಬಂಕ್‌ಗೆ ಕಾರು ತಿರುಗಿಸಿದಳು.

ಪಂಪಿನ ಹತ್ತಿರ ನಡುವಯಸ್ಸಿನ ಹೆಂಗಸೊಬ್ಬರು ಕೆಲಸಕ್ಕಿದ್ದರು. ಕಿಟಕಿಗೆ ಬಗ್ಗಿದವರೇ ಗಾಬರಿಯಾದರು.

“ಮೇಡಂ, ವಾಸನೆ ಬರ್ತಿದೆ! ಎಲ್ಲೋ ಪೆಟ್ರೋಲ್ ಲೀಕ್ ಆಗ್ತಿದೆ ನೋಡಿ!”

“ಲೀಕ್ ಅಲ್ಲಮ್ಮ,” ಎಂದಳು ಹೆಂಡತಿ. “ಅದು ನಮ್ಮ ಯಜಮಾನ್ರು.”

ಆಕೆ ಹಿಂದಿನ ಸೀಟಿನತ್ತ ಇಣುಕಿದರು. ಒದ್ದೆ ಪ್ಯಾಂಟು, ಕೆದರಿದ ಕೂದಲು, ಎಣ್ಣೆಮಸಿ ಬಳಿದ ಅಂಗಿ. ಅಡಿಯಿಂದ ಮುಡಿಯವರೆಗೆ ನನ್ನನ್ನು ಅಳೆದರು. ಆಮೇಲೆ ತಮ್ಮ ಕೆಲಸ ನೆನಪಾಗಿ ಕೇಳಿದರು:

“ಸಾದಾನಾ ಮೇಡಂ, ಪ್ರೀಮಿಯಮ್ಮಾ?”

ಹೆಂಡತಿ ಕನ್ನಡಿಯಲ್ಲಿ ನನ್ನನ್ನು ಒಂದು ಕ್ಷಣ ದಾಕ್ಷಿಣ್ಯವಿಲ್ಲದೆ ನೋಡಿ, ನಿಟ್ಟುಸಿರು ಬಿಟ್ಟು ಹೇಳಿದಳು:

“ಸಾದಾ ಕಣಮ್ಮ. ಹದಿನೈದು ವರ್ಷದಿಂದ ಹೇಗೋ ಹೊಂದ್ಕೊಂಡು ಹೋಗ್ತಿದೀನಿ.”